ನಡು ಹಲ್ಗಿ ಮುಟ್ಟಬೇಡ ಮಾಣಿ

ವಾಟ್ಸಾಪ್ ಗುಂಪು: ಗಂಗೊಳ್ಳಿ ಮನೆ

ಸುಧೀರ (ಅಮೆರಿಕದ ಮಿನೆಸೋಟ): [ವಿಡಿಯೋ] 14 ಅಡಿಯ ಹಳೇ ಅಲ್ಯುಮಿನಿಯಂ ದೋಣಿ, ಚಪ್ಪಟೆ ತಳದ್ದು. ಇಲ್ಲಿ ಜಾನ್ ಬೋಟ್ ಅಂತಾರೆ. ನಡುವಿನ ಸೀಟು ಕತ್ತರಿಸಿ, ಪ್ಲೈವುಡ್ ಅಟ್ಟ ಹಾಕಿ ಹೆಂಗೆ ಮಾಡಿದಾರೆ ನೋಡಿ. ನಂಗೂ ಇಂಥದ್ದೇ ಒಂದು ಸಿಕ್ಕಿದೆ, ಕಾರಿನ ಹಿಂದೆ ಕಟ್ಟಿ ಎಳೆಯೋ ಟ್ರೇಲರ್ ಸಮೇತ. ಚಳಿಗಾಲ ಪೂರ್ತಿ ಗ್ಯಾರೇಜಲ್ಲಿ ಇದೇ ಕೆಲಸ.

ಮಾವ: ದೋಣಿ ಲಾಯ್ಕಿತ್ತ್. ಆ ನಡು ಸೀಟ್ ಕಿತ್ತದ್ದ್ ಎಂತಕೆ?

ಸುಧೀರ: ಓಡಾಡೋಕೆ ಜಾಗ ಬೇಕಲ್ಲ ಮಾವ.

ಮಾವ: ಓಡಾಡೂಕೆ ಅದೆಂತ ದೇವಸ್ಥಾನದ ಪೌಳಿಯಾ? ಅಡ್ಡ ಹಲ್ಗಿ ಇಪ್ಪುದ್ ಕೂಕಂಬುಕ್ ಮಾತ್ರ ಅಲ್ಲ, ಎರಡೂ ಬದಿ ಹಿಡ್ಕಂಬುದೂ ಅದೇ. ಇಲ್ಲಿ ಮರದ ದೋಣಿಗೆ ಫೈಬರ್ ಹೊದಿಸ್ದವ್ರೂ ಅದನ್ನ ತೆಗೀಲಿಲ್ಲ.

ಭಾವ: ಅದು ಮರದ ಲೆಕ್ಕ ಮಾವ, ಇದು ಲೋಹ. ಹುಡುಗನ್ನ ಸುಮ್ನೆ ಹೆದರಿಸಬೇಡಿ.

ವೀಣಾ: ಅಪ್ಪಯ್ಯ ಹೇಳಿದ್ದು ಲೋಹಕ್ಕೂ ಸರಿ ಭಾವ. ಅಲ್ಲದೆ ಆ ಸೀಟಿನೊಳಗೆ ಫೋಮ್ ತುಂಬಿರ್ತಾರೆ. ನೀರು ನುಗ್ಗಿದ್ರೂ ದೋಣಿ ತಳ ಸೇರದೆ ತೇಲೋದು ಅದರಿಂದ. ಸುಧೀರ, ಒಳಗೆ ಎಲ್ಲೋ ಒಂದು ತಗಡಿನ ಪಟ್ಟಿ ಇರುತ್ತೆ, ಎಷ್ಟು ಜನ, ಎಷ್ಟು ತೂಕ ಅಂತ. ಓದಿ ಹೇಳು.

ಸುಧೀರ: 3 ಜನ. ಜನ, ಇಂಜಿನ್, ಸಾಮಾನು ಎಲ್ಲ ಸೇರಿ 600 ಪೌಂಡ್.

ವೀಣಾ: ಸುಮಾರು 270 ಕೆಜಿ. ಅಟ್ಟ, ಅದರ ಚೌಕಟ್ಟು, ಇಂಜಿನ್, ಪೆಟ್ರೋಲು, ಕರೆಂಟಿನ ಮೋಟರಿಗೆ 25 ಕೆಜಿಯ ಸೀಸದ ಬ್ಯಾಟರಿ, ಎಲ್ಲ ಕಳಿ. ನೀವಿಬ್ಬರು ದೊಡ್ಡವರು ಕೂತ್ರೆ ಲೆಕ್ಕ ಮುಗೀತು. ಕೂರೋದೂ ಇಲ್ಲ, ಎತ್ತರದ ಅಟ್ಟದ ಮೇಲೆ ನಿಂತು ಗಾಳ ಎಸೀತೀರಿ.

ಮಾವ: ನಿಂತ್ರೆ ಮಗುಚತ್ತ್.

ಸುಧೀರ: ಅಟ್ಟ ತಗ್ಗಿಸ್ತೀನಿ ಬಿಡಿ. ಮರ ಮಾತ್ರ ಕೊಳೆಯದ ಹಾಗೆ ಔಷಧಿ ಹೊಡೆದದ್ದೇ ತರ್ತೀನಿ.

ವೀಣಾ: ಅದನ್ನೇ ತರಬೇಡ ಮಾರಾಯ! ಆ ಔಷಧೀಲಿ ತಾಮ್ರ ಇರುತ್ತೆ. ಒದ್ದೆ ಮರ ತಾಗಿದ ಕಡೆ ಅಲ್ಯುಮಿನಿಯಂ ತಿಂದುಹೋಗಿ ತೂತು ಬೀಳುತ್ತೆ. ಸಾದಾ ಪ್ಲೈವುಡ್‌ಗೆ ನೀರು ಒಳಗಿಳಿಯದ ಹಾಗೆ ಎಪಾಕ್ಸಿ ಅಂಟು ಬಳಿ, ಅಂಚಿಗೆ ಎರಡು ಕೈ ಹೆಚ್ಚು.

ಭಾವ: ಇಷ್ಟೆಲ್ಲ ಮಾಡಿದ್ಮೇಲೆ ಅಗ್ಗ ಎಲ್ಲಿ ಬಂತು? ಹೊಸದೇ ತಗೋ.

ಸುಧೀರ: ಹೊಸದರ ದರ ಹಾಕಿದ್ರೆ ನೀವು ಗುಂಪು ಬಿಟ್ಟು ಹೋಗ್ತೀರಿ ಭಾವ.

ಮಾವ: ಮರದ ಪಂಚಾಯ್ತಿಕೆ ಆಮೇಲೆ. ಮೊದ್ಲ್ ತಗಡ್ ಜೋಡ್ಸಿದ ರಿವೆಟ್ ಮೊಳೆ ಸೋರತ್ತಾ ಕಾಣ್. ಟ್ರೇಲರ್ ಮೇಲೆ ಇಪ್ಪತ್ತಿಗೇ ಒಳಗೆ ನಾಕ್ ಬೆರಳ್ ನೀರ್ ಹೊಯ್ದ್, ಅಡಿಯಿಂದ ಕಾಣ್. ಹನಿ ಬಿದ್ದಲ್ಲಿ ಮಾರ್ಕರ್ ಗುರ್ತ್ ಹಾಕ್.

ಸುಧೀರ: ಈಗ ಹೊಯ್ದ್ರೆ ಐಸ್ ಆಗುತ್ತೆ ಮಾವ.

ಮಾವ: ಹಾಂಗಾರೆ ಬಿಸಿಲ್ ಬಪ್ಪಲ್ಲಿವರಿಗೆ ಗರಗಸ ಮುಟ್ಟಬೇಡ.

ಅಮ್ಮ: ಲೈಫ್ ಜಾಕೆಟ್ ಇತ್ತಾ? ಮಗು ಕರ್ಕಂಡ್ ಹೋಪುದಾ?

ಸುಧೀರ: 10 ವರ್ಷದ ಕೆಳಗಿನವರು ಹಾಕ್ಲೇಬೇಕು ಅಂತ ಇಲ್ಲಿ ಕಾನೂನೇ ಇದೆ ಅಮ್ಮ.

ಅಮ್ಮ: ಮಗುಗೆ ಆಯ್ತ್. ನಿಂಗೆ?

ವೀಣಾ: 😂 ನೀಲಿ ಟಿಕ್ ಬಂತು, ಉತ್ತರ ಬರ್ಲಿಲ್ಲ.

ಸುಧೀರ: ನಾನೂ ಹಾಕ್ತೀನಿ. ನಡು ಸೀಟೂ ಇರ್ಲಿ. ಮುಂದುಗಡೆ ಮಾತ್ರ ಒಂದು ತಗ್ಗು ಅಟ್ಟ, ಅದರಡಿ ಬ್ಯಾಟರಿ, ಬ್ಯಾಟರಿ ಪಕ್ಕದಲ್ಲೇ ಫ್ಯೂಸ್. ಆದ್ರೆ ಕಾರ್ಪೆಟ್ ಹಾಕೇ ಹಾಕ್ತೀನಿ.

ಮಾವ: ಕಾರ್ಪೆಟ್ ನೀರ್ ಕುಡ್ದ್ ನಾರತ್ತ್.

ಭಾವ: ಹಾಕ್ಲಿ ಬಿಡಿ ಮಾವ, ದೋಣಿ ಅವನದ್ದಲ್ವಾ.