ಬೆಳಿಗ್ಗೆ ಎಸಿಟಲೋಪ್ರಾಮ್, ರಾತ್ರಿ ಕ್ವೆಟಿಯಾಪಿನ್: ಈ ಎರಡನೆಯ ಗುಳಿಗೆ ನಿದ್ದೆಗೋ, ಖಿನ್ನತೆಗೋ?

ಪ್ರಶ್ನೆ (ಚಳ್ಳಕೆರೆಯ ಗುಮಾಸ್ತ)

ನನಗೆ 43 ವರ್ಷ. ಚಳ್ಳಕೆರೆಯ ಒಂದು ಶೇಂಗಾ ಎಣ್ಣೆ ಗಿರಣಿಯಲ್ಲಿ ಲೆಕ್ಕ ಬರೆಯುತ್ತೇನೆ. ಕಳೆದ ವರ್ಷ ಅಪ್ಪ ತೀರಿಕೊಂಡ ಮೇಲೆ ಹಿಡಿದ ಬೇಸರ ತಿಂಗಳುಗಳು ಕಳೆದರೂ ಬಿಡಲಿಲ್ಲ. ಊಟ ಸೇರುತ್ತಿರಲಿಲ್ಲ, ಇಪ್ಪತ್ತು ವರ್ಷ ಕೈ ಪಳಗಿದ ಖಾತೆಯಲ್ಲಿ ಕೂಡಿಸುವ ಲೆಕ್ಕವೇ ತಪ್ಪತೊಡಗಿತು. ಆಗ ಚಿತ್ರದುರ್ಗದಲ್ಲಿ ಮನೋವೈದ್ಯರನ್ನು ಕಂಡೆ. ಇದು ಖಿನ್ನತೆ ಎಂದು ಹೇಳಿ ಬೆಳಗಿನ ತಿಂಡಿಯ ನಂತರ ಎಸಿಟಲೋಪ್ರಾಮ್ 10 ಮಿ.ಗ್ರಾಂ. ಬರೆದುಕೊಟ್ಟರು. ಏಳು ವಾರಗಳಾದವು, ಮನಸ್ಸು ಸ್ವಲ್ಪ ತಿಳಿಯಾಗಿದೆ, ಗಿರಣಿಗೆ ಹೋಗುತ್ತಿದ್ದೇನೆ. ಆದರೆ ರಾತ್ರಿ ಮೂರಕ್ಕೆ ತಪ್ಪದೆ ಎಚ್ಚರವಾಗುತ್ತದೆ. ಕತ್ತಲಲ್ಲಿ ಗೋಡೆ ಗಡಿಯಾರದ ಮುಳ್ಳಿನ ಸದ್ದು ಕೇಳುತ್ತಾ ಬೆಳಗಾಗುವವರೆಗೆ ಮಲಗಿರುತ್ತೇನೆ.

ಹೋದ ವಾರ ವೈದ್ಯರು ರಾತ್ರಿಗೆ ಕ್ವೆಟಿಯಾಪಿನ್ 25 ಮಿ.ಗ್ರಾಂ. ಸೇರಿಸಿದರು. ಚೀಟಿಯನ್ನು ಔಷಧ ಅಂಗಡಿಯಲ್ಲಿ ಕೊಟ್ಟಾಗ, ಅಲ್ಲಿದ್ದವನು ನಾಲ್ಕು ಜನರ ಎದುರು "ಇದು ಹುಚ್ಚಿಗೆ ಕೊಡೋ ಮಾತ್ರೆ, ಯಾರಿಗೆ?" ಎಂದು ಕೇಳಿದ. ನನ್ನ ತಂಗಿಗೆ ಎಂದು ಸುಳ್ಳು ಹೇಳಿ ಬಂದೆ; ಆ ಸುಳ್ಳು ಈಗಲೂ ಚುಚ್ಚುತ್ತದೆ. ರಾತ್ರಿ ಹನ್ನೊಂದಕ್ಕೆ ಗುಳಿಗೆ ನುಂಗಿದರೆ ನಿದ್ದೆಯೇನೋ ಬರುತ್ತದೆ. ಆದರೆ ಬೆಳಿಗ್ಗೆ ತಲೆ ಭಾರ, ಮತ್ತು ಮೊನ್ನೆ ಹಾಸಿಗೆಯಿಂದ ಎದ್ದವನಿಗೆ ಬಚ್ಚಲ ಬಾಗಿಲಲ್ಲಿ ಕಣ್ಣು ಕತ್ತಲೆ ಕಟ್ಟಿ ಚೌಕಟ್ಟು ಹಿಡಿದು ನಿಲ್ಲಬೇಕಾಯಿತು. ಅಮ್ಮನಿಗೆ ಶುಗರ್ ಇದೆ. ನನ್ನ ಕಾಯಿಲೆ ಹೆಚ್ಚಾಗಿದೆಯೆಂದು ಇದನ್ನು ಕೊಟ್ಟಿದ್ದಾರೆಯೇ? ಎರಡನ್ನೂ ಜೊತೆಯಲ್ಲಿ ತೆಗೆದುಕೊಳ್ಳಬಹುದೇ? ತಿಳಿದವರು ದಯವಿಟ್ಟು ಹೇಳಿ.

ಉತ್ತರ 1 (ದಾವಣಗೆರೆ, ಔಷಧಶಾಸ್ತ್ರ ಕಲಿಸುವವನು)

ಮೊದಲು ಆ ಅಂಗಡಿಯ ಮಾತನ್ನು ಮನಸ್ಸಿನಿಂದ ತೆಗೆದುಹಾಕಿ. ಕ್ವೆಟಿಯಾಪಿನ್ ಮೊದಲಿಗೆ ಸ್ಕಿಜೋಫ್ರೀನಿಯಾ ಎಂಬ, ಭ್ರಮೆಗಳು ಕಾಡುವ ಮನೋರೋಗಕ್ಕೆ ಬಂದ ಔಷಧ ಎಂಬುದು ನಿಜ. ಆದರೆ ಒಂದು ಔಷಧ ದೇಹದಲ್ಲಿ ಏನು ಮಾಡುತ್ತದೆ ಎಂಬುದು ಅದರ ಪ್ರಮಾಣವನ್ನು ಅವಲಂಬಿಸಿರುತ್ತದೆ, ಈ ಔಷಧದಲ್ಲಂತೂ ಅದು ಎದ್ದು ಕಾಣುತ್ತದೆ. 25 ಅಥವಾ 50 ಮಿ.ಗ್ರಾಂ.ನಲ್ಲಿ ಇದು ಮುಖ್ಯವಾಗಿ, ನಮ್ಮನ್ನು ಎಚ್ಚರವಾಗಿಡುವ ಹಿಸ್ಟಮಿನ್ ಎಂಬ ರಾಸಾಯನಿಕ ಕೆಲಸ ಮಾಡುವ ಮೆದುಳಿನ ಗ್ರಾಹಕಗಳನ್ನು ತಡೆಯುತ್ತದೆ. ನೆಗಡಿಗೆ ಕೊಡುವ ಹಳೆಯ ಕಾಲದ ಗುಳಿಗೆ ತೂಕಡಿಕೆ ತರುವುದೂ ಇದೇ ದಾರಿಯಿಂದ. ಖಿನ್ನತೆಯ ಔಷಧಕ್ಕೆ ಬಲ ಕೊಡಲೆಂದು ಸೇರಿಸುವಾಗ ಇದರ ಪ್ರಮಾಣ ಸಾಮಾನ್ಯವಾಗಿ ದಿನಕ್ಕೆ 150ರಿಂದ 300 ಮಿ.ಗ್ರಾಂ.; ನಿಧಾನವಾಗಿ ಬಿಡುಗಡೆಯಾಗುವ ರೂಪದಲ್ಲಿ ಆ ಬಳಕೆಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2009ರಲ್ಲಿ ಅನುಮತಿ ನೀಡಿತು. ಆದ್ದರಿಂದ ನಿಮಗೆ ಬರೆದಿರುವುದು ಬಹುಮಟ್ಟಿಗೆ ನಿದ್ದೆಗಾಗಿಯೇ ಇರಬೇಕು, ಕಾಯಿಲೆ ಉಲ್ಬಣಿಸಿದೆ ಎಂಬುದಕ್ಕೆ ಅದು ಗುರುತಲ್ಲ.

ಹಾಗೆಂದು ಇದು ಬರೀ ನಿದ್ದೆ ಗುಳಿಗೆ ಎಂದು ಹಗುರವಾಗಿ ಕಾಣುವುದೂ ಸರಿಯಲ್ಲ. ಕಣ್ಣು ಕತ್ತಲೆ ಕಟ್ಟಿದ್ದಕ್ಕೆ ಕಾರಣ ರಕ್ತನಾಳಗಳ ಆಲ್ಫಾ ಗ್ರಾಹಕಗಳನ್ನು ಈ ಔಷಧ ತಡೆಯುವುದು: ನಾವು ಎದ್ದು ನಿಂತಾಗ ನಾಳಗಳು ಕುಗ್ಗಿ ರಕ್ತವನ್ನು ತಲೆಯ ಕಡೆಗೆ ತಳ್ಳಬೇಕು, ಆ ಕೆಲಸ ತಡವಾಗುತ್ತದೆ. ಹಾಸಿಗೆಯ ಅಂಚಿನಲ್ಲಿ ಒಂದೆರಡು ನಿಮಿಷ ಕಾಲು ಇಳಿಬಿಟ್ಟು ಕುಳಿತು ಆಮೇಲೆ ಏಳಿ. ರಕ್ತದಲ್ಲಿ ಇದರ ಪ್ರಮಾಣ ಅರ್ಧಕ್ಕೆ ಇಳಿಯಲು ಆರೇಳು ಗಂಟೆ ಬೇಕು. ಹನ್ನೊಂದಕ್ಕೆ ನುಂಗಿದ್ದರ ಭಾರ ಬೆಳಗಿನ ಆರಕ್ಕೂ ಉಳಿದಿರುವುದು ಸಹಜ. ಇನ್ನೂ ಮುಂಚೆ ತೆಗೆದುಕೊಳ್ಳಬಹುದೇ ಎಂದು ವೈದ್ಯರನ್ನು ಕೇಳಿ, ತಲೆ ಹಗುರವಾಗುವವರೆಗೆ ಬೈಕ್ ಏರಬೇಡಿ.

ಎರಡನ್ನೂ ಜೊತೆಯಲ್ಲಿ ಕೊಡುವುದು ರೂಢಿಯಲ್ಲಿದೆ. ಗಮನಿಸಬೇಕಾದದ್ದು ಹೃದಯದ ಲಯ. ಎಸಿಟಲೋಪ್ರಾಮ್ ಮತ್ತು ಕ್ವೆಟಿಯಾಪಿನ್ ಎರಡೂ ಇ.ಸಿ.ಜಿ.ಯಲ್ಲಿ ಕ್ಯೂಟಿ ಎಂದು ಕರೆಯುವ ಅಂತರವನ್ನು, ಅಂದರೆ ಒಂದು ಬಡಿತ ಮುಗಿಸಿ ಹೃದಯ ಮುಂದಿನದಕ್ಕೆ ಸಜ್ಜಾಗುವ ಹೊತ್ತನ್ನು, ಸ್ವಲ್ಪ ಹಿಗ್ಗಿಸಬಲ್ಲವು. ಹೃದಯದ ತೊಂದರೆ ಇದ್ದವರಲ್ಲಿ, ವಾಂತಿಭೇದಿಯಿಂದ ಪೊಟ್ಯಾಸಿಯಂ ಇಳಿದವರಲ್ಲಿ ಇದು ಅಪಾಯಕ್ಕೆ ತಿರುಗಬಹುದು. ಒಂದು ಇ.ಸಿ.ಜಿ. ಮಾಡಿಸಿದರೆ ನೆಮ್ಮದಿ. ನಮ್ಮಲ್ಲಿ ಗಂಟಲು ನೋವೆಂದರೆ ಅಂಗಡಿಯಲ್ಲಿ ಆಂಟಿಬಯೋಟಿಕ್ ಕೇಳಿ ನುಂಗುವ ಅಭ್ಯಾಸವಿದೆ. ನೀವು ಅದನ್ನು ಮಾಡಲೇಬೇಡಿ. ಕ್ಲಾರಿಥ್ರೋಮೈಸಿನ್ ಒಂದೇ ಸಾಕು: ಅದು ಕ್ವೆಟಿಯಾಪಿನ್ ಅನ್ನು ಕರಗಿಸುವ ಯಕೃತ್ತಿನ ಕಿಣ್ವವನ್ನು ತಡೆದು ರಕ್ತದಲ್ಲಿ ಔಷಧದ ಮಟ್ಟವನ್ನು ಏರಿಸುತ್ತದೆ, ಜೊತೆಗೆ ತಾನೂ ಆ ಅಂತರವನ್ನು ಹಿಗ್ಗಿಸುತ್ತದೆ. ಮದ್ಯ ಕೂಡದು.

ಉತ್ತರ 2 (ಹರಿಹರದ ಶಿಕ್ಷಕಿ)

ನಾನು ಇದೇ ಗುಳಿಗೆಯನ್ನು ಹತ್ತು ತಿಂಗಳು ತೆಗೆದುಕೊಂಡವಳು. ಹೆದರಿಸಲು ಬರೆಯುತ್ತಿಲ್ಲ, ನನಗೆ ಯಾರೂ ಮೊದಲೇ ಹೇಳದ ಮಾತನ್ನು ನಿಮಗೆ ಹೇಳಬೇಕೆನಿಸಿತು. ಕಂಗಾಲಾಗಿದ್ದ ದಿನಗಳಲ್ಲಿ ನಿದ್ದೆ ಮರಳಿದ್ದೇ ನನಗೆ ಜೀವ ಬಂದಂತಾಗಿತ್ತು, ಅದರ ಉಪಕಾರವನ್ನು ಮರೆಯಲಾರೆ. ಆದರೆ ರಾತ್ರಿ ಗುಳಿಗೆ ನುಂಗಿ ಅರ್ಧ ಗಂಟೆಯಾದರೆ ಎಂಥದೋ ಹಸಿವು ಬರುತ್ತಿತ್ತು. ಉಂಡು ಎದ್ದವಳೇ ಮತ್ತೆ ಅಡುಗೆಮನೆಗೆ ಹೋಗಿ ನಿಂತುಕೊಂಡೇ ಒಗ್ಗರಣೆ ಮಂಡಕ್ಕಿಯ ಡಬ್ಬಿ ಖಾಲಿ ಮಾಡುತ್ತಿದ್ದೆ. ತೂಕ ಏಳು ಕೆ.ಜಿ. ಏರಿತು. ಬೇರಾವುದೋ ಕಾರಣಕ್ಕೆ ರಕ್ತ ಪರೀಕ್ಷೆ ಮಾಡಿಸಿದಾಗ ಶುಗರ್ ಗಡಿ ದಾಟುವ ಹಂತದಲ್ಲಿತ್ತು. ಅಲ್ಲಿಯವರೆಗೆ ನನ್ನ ತೂಕವನ್ನು ಯಾರೂ ಒಮ್ಮೆಯೂ ನೋಡಿರಲಿಲ್ಲ.

ಸಿಟ್ಟಿನಲ್ಲಿ ಒಂದೇ ದಿನ ಎಲ್ಲ ನಿಲ್ಲಿಸಿಬಿಟ್ಟೆ, ಅದು ನನ್ನ ತಪ್ಪು. ಐದು ರಾತ್ರಿ ರೆಪ್ಪೆ ಮುಚ್ಚಲಿಲ್ಲ, ವಾಕರಿಕೆ ಬೇರೆ. ಮತ್ತೆ ವೈದ್ಯರ ಬಳಿ ಹೋದಾಗ ಕ್ವೆಟಿಯಾಪಿನ್ ಅನ್ನು ಪುನಃ ಆರಂಭಿಸಿ ಸ್ವಲ್ಪಸ್ವಲ್ಪವಾಗಿ ಇಳಿಸಿ ಬಿಡಿಸಿದರು, ಖಿನ್ನತೆಯ ಗುಳಿಗೆಯನ್ನು ಮುಂದುವರಿಸಿದರು. ನಿಮ್ಮ ಅಮ್ಮನಿಗೆ ಶುಗರ್ ಇದೆ ಎಂದಿರಿ. ಹಾಗಿದ್ದರೆ ಈ ವಾರವೇ ತೂಕ, ಸೊಂಟದ ಅಳತೆ, ರಕ್ತದೊತ್ತಡ, ಬರಿಹೊಟ್ಟೆಯ ಶುಗರ್ ಮತ್ತು ಕೊಬ್ಬಿನ ಪರೀಕ್ಷೆ ಮಾಡಿಸಿ ಬರೆದಿಟ್ಟುಕೊಳ್ಳಿ. ಮೊದಲ ಮೂರು ತಿಂಗಳು ತಿಂಗಳಿಗೊಮ್ಮೆ ತೂಕ ನೋಡಿ, ಮೂರನೆಯ ತಿಂಗಳಿಗೆ ರಕ್ತ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿಸಿ. "ಇದನ್ನು ಎಷ್ಟು ದಿನ ಕೊಡುತ್ತೀರಿ, ಹೇಗೆ ನಿಲ್ಲಿಸುತ್ತೀರಿ?" ಎಂದು ಕೇಳಲು ಸಂಕೋಚ ಬೇಡ. ನಾನು ಕೇಳದೆ ಹತ್ತು ತಿಂಗಳು ಕಳೆದೆ.

ಉತ್ತರ 3 (ಹೊಳಲ್ಕೆರೆಯ ನಿವೃತ್ತ ದಾದಿ, ಮನೋರೋಗ ವಿಭಾಗದಲ್ಲಿ ದುಡಿದವಳು)

ಮೇಲಿನ ಇಬ್ಬರೂ ಔಷಧದ ಬಗ್ಗೆ ಹೇಳಿದ್ದಾರೆ, ನಾನು ಮೂರು ಗಂಟೆಯ ಬಗ್ಗೆ ಹೇಳುತ್ತೇನೆ. ನಸುಕಿಗೆ ಮುಂಚೆಯೇ ಎಚ್ಚರವಾಗಿ ಮತ್ತೆ ನಿದ್ದೆ ಹತ್ತದಿರುವುದು ಖಿನ್ನತೆಯದೇ ಲಕ್ಷಣ. ಏಳು ವಾರಕ್ಕೆ ಮನಸ್ಸು ಅರ್ಧವಷ್ಟೇ ತಿಳಿಯಾಗಿದ್ದರೆ, ನಿದ್ದೆಗೆ ಬೇರೆ ಗುಳಿಗೆ ಸೇರಿಸುವ ಮುಂಚೆ ಮೊದಲನೆಯದರ ಪ್ರಮಾಣ ಸಾಕೇ, ಅಥವಾ ಮಿರ್ಟಜಪಿನ್‌ನಂಥ, ಖಿನ್ನತೆಗೂ ನಿದ್ದೆಗೂ ಒಟ್ಟಿಗೆ ಒದಗುವ ಔಷಧ ಹೊಂದೀತೇ ಎಂದು ವೈದ್ಯರೊಡನೆ ಚರ್ಚಿಸಬಹುದು. ಅದೂ ಹಸಿವು, ತೂಕ ಹೆಚ್ಚಿಸುತ್ತದೆ ಎಂಬುದು ನೆನಪಿರಲಿ. ಇನ್ನೊಂದನ್ನು ತಪ್ಪದೆ ತಿಳಿಸಿ: ಹಿಂದೆ ಯಾವಾಗಲಾದರೂ ನಾಲ್ಕಾರು ದಿನ ನಿದ್ದೆಯಿಲ್ಲದೆಯೂ ದಣಿವಾಗದೆ, ಮಾತು, ಖರ್ಚು, ಉತ್ಸಾಹ ಅತಿಯಾಗಿದ್ದುಂಟೇ? ಇದ್ದರೆ ಇದು ಖಿನ್ನತೆಯೂ ಅತಿ ಉತ್ಸಾಹವೂ ಸರದಿಯಲ್ಲಿ ಬರುವ ಬೈಪೋಲಾರ್ ಕಾಯಿಲೆ ಇರಬಹುದು, ಆಗ ಚಿಕಿತ್ಸೆಯ ದಾರಿಯೇ ಬೇರೆ. ಜೋರಾಗಿ ಗೊರಕೆ ಹೊಡೆಯುತ್ತೀರೆಂದು ಮನೆಯವರು ಹೇಳಿದರೆ ಅದನ್ನೂ ಹೇಳಿ, ಉಸಿರು ಕಟ್ಟುವ ಗೊರಕೆಯವರಿಗೆ ಮಂಪರು ತರುವ ಔಷಧ ಒಳ್ಳೆಯದಲ್ಲ.

ಎಚ್ಚರವಾದಾಗ ಹಾಸಿಗೆಯಲ್ಲೇ ಹೊರಳಾಡಬೇಡಿ. ಎದ್ದು ಇನ್ನೊಂದು ಕೋಣೆಯಲ್ಲಿ ಮಂದ ಬೆಳಕಿನಲ್ಲಿ ಕುಳಿತು, ಕಣ್ಣು ಎಳೆದಾಗ ಮಾತ್ರ ಮರಳಿ ಬನ್ನಿ. ಎಷ್ಟೇ ಕೆಟ್ಟ ರಾತ್ರಿಯಾದರೂ ಏಳುವ ಹೊತ್ತು ಒಂದೇ ಇರಲಿ, ಮಧ್ಯಾಹ್ನದ ನಿದ್ದೆ ಬೇಡ. ಮೊದಲ ಎರಡು ವಾರ ಹಿಂಸೆಯೆನಿಸುತ್ತದೆ, ಆದರೆ ದೀರ್ಘಕಾಲದ ನಿದ್ರಾಹೀನತೆಗೆ ಅಮೆರಿಕನ್ ಕಾಲೇಜ್ ಆಫ್ ಫಿಜಿಶಿಯನ್ಸ್ ಎಂಬ ವೈದ್ಯರ ಸಂಘ 2016ರಲ್ಲಿ ಔಷಧಕ್ಕಿಂತ ಮೊದಲು ಸೂಚಿಸಿದ್ದು ಈ ಬಗೆಯ ವರ್ತನಾ ಚಿಕಿತ್ಸೆಯನ್ನೇ. ಪಕ್ಕದ ಬಳ್ಳಾರಿಯಲ್ಲಿ 1980ರ ದಶಕದಲ್ಲೇ ನಿಮ್ಹಾನ್ಸ್‌ನವರು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತರಬೇತಿ ಕೊಟ್ಟು, ಮನಸ್ಸಿನ ಕಾಯಿಲೆಗೆ ಊರಲ್ಲೇ ಚಿಕಿತ್ಸೆ ಸಿಗುತ್ತದೆಂದು ತೋರಿಸಿದರು. ಇಷ್ಟು ವರ್ಷಗಳ ಮೇಲೂ ಅಂಗಡಿಯ ಮುಂದೆ ಒಬ್ಬ ಅಣ್ಣ ತಂಗಿಯ ಹೆಸರು ಹೇಳಬೇಕಾಯಿತಲ್ಲ ಎಂದು ಸಂಕಟವಾಯಿತು. ಬದುಕು ಬೇಡವೆನಿಸುವ ಯೋಚನೆ ಯಾವ ಹೊತ್ತಿನಲ್ಲಿ ಬಂದರೂ 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಟೆಲಿಮನಸ್ ಸಹಾಯವಾಣಿ, ಕನ್ನಡದಲ್ಲಿಯೇ ಮಾತನಾಡುತ್ತಾರೆ, ಹಣ ಕೊಡಬೇಕಿಲ್ಲ.

ಪ್ರಶ್ನೆ ಕೇಳಿದವರ ಮರುಮಾತು

ಮೂವರಿಗೂ ನಮಸ್ಕಾರ. ನಿಮ್ಮ ಮಾತುಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡು ಗುರುವಾರ ವೈದ್ಯರ ಮುಂದಿಟ್ಟೆ. ಅವರು ಬೇಸರಿಸದೆ ಒಂದೊಂದಕ್ಕೂ ಉತ್ತರಿಸಿದರು. ಕ್ವೆಟಿಯಾಪಿನ್ ಕೊಟ್ಟದ್ದು ನಿದ್ದೆಗಾಗಿಯೇ. ಆರು ವಾರ ನೋಡಿ ಇಳಿಸುತ್ತಾರಂತೆ. ಎಸಿಟಲೋಪ್ರಾಮ್ ಅನ್ನು 15ಕ್ಕೆ ಏರಿಸಿದ್ದಾರೆ. ಅದಕ್ಕೆ ಮೊದಲು ಇ.ಸಿ.ಜಿ. ಮಾಡಿಸಿದರು, ಸರಿಯಾಗಿದೆ. ಬರಿಹೊಟ್ಟೆಯ ಶುಗರ್ 108 ಬಂದಿದೆ. 100 ದಾಟಿರುವುದರಿಂದ ಮೂರು ತಿಂಗಳಿಗೆ ಮತ್ತೆ ನೋಡಲೇಬೇಕು ಎಂದರು. ಗುಳಿಗೆಯನ್ನು ಈಗ ಒಂಬತ್ತಕ್ಕೇ ತೆಗೆದುಕೊಳ್ಳುತ್ತೇನೆ, ಬೆಳಿಗ್ಗೆ ಗಿರಣಿಗೆ ಬಸ್ಸಿನಲ್ಲಿ ಹೋಗುತ್ತಿದ್ದೇನೆ. ಗೋಡೆ ಗಡಿಯಾರವನ್ನು ಮಲಗುವ ಕೋಣೆಯಿಂದ ಕಿತ್ತು ಪಡಸಾಲೆಗೆ ಹಾಕಿದ್ದೇನೆ. ತಂಗಿಗೆ ನಿನ್ನೆ ಫೋನ್ ಮಾಡಿ, ಅಂಗಡಿಯಲ್ಲಿ ಅವಳ ಹೆಸರು ಹೇಳಿದ್ದನ್ನೂ ತಿಳಿಸಿದೆ. ಮುಂದಿನ ತಿಂಗಳ ಗುಳಿಗೆಯನ್ನು ತಾನೇ ಬಂದು ನನ್ನ ಜೊತೆ ನಿಂತು ಕೊಳ್ಳುತ್ತೇನೆ ಎಂದಳು.