ಅಪ್‌ಡೇಟ್: ಆರು ಗಿಟಾರ್‌ಗಳಲ್ಲಿ ಉಳಿದದ್ದು ಎರಡು

ವಯಸ್ಸಾಯ್ತು, ಬೆರಳು ಬಿಗಿಯುತ್ತಿದೆ, ಆರರಲ್ಲಿ ಯಾವುದನ್ನು ಕೊಡಲಿ ಅಂತ ತೀರ್ಥಹಳ್ಳಿಯಿಂದ ಕೇಳಿದ್ದೆ. ನಾಲ್ಕನ್ನು ಕೊಟ್ಟಾಯ್ತು. ಉಳಿದದ್ದು ಒಂದು ನೈಲಾನ್ ತಂತಿಯದು, ಒಂದು ಎಲೆಕ್ಟ್ರಿಕ್. ಎರಡೂ ಬೆರಳಿಗೆ ಹಗುರ.

ಮಾರುವ ಮುನ್ನ ಬ್ರಾಂಡ್‌ಗಿಂತ ಕತ್ತು ನೋಡಿ. ಸ್ಟೀಲ್ ತಂತಿಯದಾದರೆ ಮೊದಲ ಫ್ರೆಟ್‌ಗೆ (ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿ) ಕೇಪೋ (ತಂತಿಗಳನ್ನು ಒತ್ತಿಹಿಡಿಯುವ ಕ್ಲಿಪ್) ಹಾಕಿ, ಕತ್ತು ಒಡಲಿಗೆ ಸೇರುವ ಫ್ರೆಟ್‌ನಲ್ಲಿ ದಪ್ಪ ತಂತಿ ಒತ್ತಿ. 7ನೇ ಫ್ರೆಟ್ ಮೇಲೆ 0.2–0.3 ಮಿ.ಮೀ. ಸಂದಿ ಇದ್ದರೆ ಸರಿ. ಹೆಚ್ಚಿದ್ದರೆ ಟ್ರಸ್ ರಾಡ್ (ಕತ್ತಿನೊಳಗಿನ ಲೋಹದ ಸರಳು) ಬಿಗಿ ಮಾಡಿ, ಒಮ್ಮೆಗೆ ಕಾಲು ಸುತ್ತು ಮೀರದಂತೆ. ಸಂದಿ ಸರಿಯಿದ್ದೂ 12ನೇ ಫ್ರೆಟ್‌ನಲ್ಲಿ ತಂತಿ ಎತ್ತರವಾಗಿದ್ದರೆ ರಾಡ್ ತಿರುಗಿಸಿ ಪ್ರಯೋಜನವಿಲ್ಲ: ನಮ್ಮ ಮಳೆಗಾಲದ ತೇವ ಕುಡಿದು ಮೇಲ್ಹಲಗೆ ಉಬ್ಬಿರಬಹುದು. ಆಷಾಢದಲ್ಲಿ ಬೆಲೆ ಕಟ್ಟಲೇಬೇಡಿ, ಸಂಕ್ರಾಂತಿ ಹೊತ್ತಿಗೆ ಮತ್ತೆ ಅಳೆಯಿರಿ. ಅಡಿಕೆ ಒಣಗಿಸಿದಂತೆ ಬಿಸಿಲಿಗಿಟ್ಟರೆ ಬ್ರಿಜ್‌ನ (ಮೇಲ್ಹಲಗೆಯ ಮೇಲೆ ತಂತಿ ಕಟ್ಟುವ ಪಟ್ಟಿ) ಅಂಟು ಬಿಡುತ್ತದೆ.

ಪಾರ್ಸೆಲ್‌ಗೆ ತಂತಿಯನ್ನು ಒಂದೆರಡು ಸ್ವರ ಇಳಿಸಿದರೆ ಸಾಕು. ಹೆಡ್‌ಸ್ಟಾಕ್‌ನ (ತಂತಿ ಬಿಗಿಸುವ ತಲೆಭಾಗ) ಎರಡೂ ಬದಿ ಬಟ್ಟೆ ತುಂಬಿ. ಪೆಟ್ಟಿಗೆ ಬಿದ್ದರೆ ಹೆಚ್ಚಾಗಿ ಮುರಿಯುವುದು ನಟ್‌ನ (ಕತ್ತಿನ ತುದಿಯಲ್ಲಿ ತಂತಿಗಳು ಕೂರುವ ಪಟ್ಟಿ) ಹಿಂದೆಯೇ. ಬ್ರೆಜಿಲಿಯನ್ ರೋಸ್‌ವುಡ್ ಇರುವುದನ್ನು ಪರ್ಮಿಟ್ ಇಲ್ಲದೆ ವಿದೇಶಕ್ಕೆ ಕಳಿಸುವಂತಿಲ್ಲ. 1992ರಿಂದ ಅದು ಸೈಟಿಸ್‌ನ (ಅಳಿವಿನಂಚಿನ ಜೀವಿಗಳ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದ) ಮೊದಲ ಅನುಬಂಧದಲ್ಲಿದೆ.

ಉಳಿದೆರಡು ಗಟ್ಟಿ ಕೇಸ್‌ನಲ್ಲಿವೆ, ಜೊತೆಗೆ ತೇವ ಹೀರುವ ಸಿಲಿಕಾ ಜೆಲ್, ತೇವಾಂಶ ಅಳೆಯುವ ಹೈಗ್ರೋಮೀಟರ್. ಗುರಿ 45–55% ತೇವಾಂಶ.