ಕೆಂಪು ಕೀಲಿಕೈ

“ಹತ್ತೂವರೆ ಸೆಕೆಂಡು,” ಎಂದ ಲೋಕೇಶ, ಬಾಯಲ್ಲಿದ್ದ ಕೋಡುಬಳೆಯನ್ನೂ ಲೆಕ್ಕಿಸದೆ. “ನನ್ನ ಕಾರು ನಿಂತಲ್ಲಿಂದ ಹೊರಟು ಕಾಲು ಮೈಲಿ, ಅಂದರೆ 402 ಮೀಟರ್. ಮಾಮೂಲಿ ಟೈರಿನಲ್ಲೇ 11.2 ಎಂದು ಕಂಪನಿಯವರು ಹೇಳಿದ್ದಾರೆ. ನಾನು ಇಂಜಿನ್ನಿಗೆ ಗಾಳಿ ಒತ್ತಿ ತುಂಬುವ ಸೂಪರ್‌ಚಾರ್ಜರಿಗೆ ಚಿಕ್ಕ ಪುಲ್ಲಿ ಹಾಕಿಸಿದ್ದೇನೆ, ಕಂಪ್ಯೂಟರ್ ಟ್ಯೂನ್ ಮಾಡಿಸಿದ್ದೇನೆ, ಸೈಲೆನ್ಸರ್ ತೆಗೆಸಿದ್ದೇನೆ. ನೀವೇ ಲೆಕ್ಕ ಹಾಕಿ.”

“ನೀನು ಓಡಿಸಿ ನೋಡಿದೆಯೋ, ಲೆಕ್ಕ ಹಾಕಿ ನೋಡಿದೆಯೋ?” ಎಂದು ಕೇಳಿದೆ.

“ಲೆಕ್ಕ ಸುಳ್ಳು ಹೇಳುವುದಿಲ್ಲ.”

“ಅದಕ್ಕೇ ನಿನ್ನನ್ನು ಕೇಳಿದ್ದು.”

“ಓಡಿಸುವುದಕ್ಕೆ ಕೆಂಪು ಕೀಲಿಕೈ ಬೇಕಲ್ಲ!” ಎಂದಳು ಅವನ ಹೆಂಡತಿ ಗೀತಾ, ಪುಳಿಯೋಗರೆಯ ಡಬ್ಬ ಬಿಚ್ಚುತ್ತಾ.

ಇದು ನಮ್ಮ ಬಳಗದ ಹಳೆಯ ಗಾಯ. ಹೆಲ್‌ಕ್ಯಾಟ್ ಎಂಬ ಈ ಡಾಡ್ಜ್ ಚಾಲೆಂಜರ್ ಕಾರಿಗೆ ಕಂಪನಿಯವರೇ ಎರಡು ಬಣ್ಣದ ಕೀಲಿಕೈ ಕೊಡುತ್ತಿದ್ದರು. ಕೆಂಪಿನಲ್ಲಿ ಓಡಿಸಿದರೆ 707 ಅಶ್ವಶಕ್ತಿಯೂ ಸಿಗುತ್ತದೆ. ಕಪ್ಪಿನಲ್ಲಿ 500 ಮಾತ್ರ. ಕಾರು ಮನೆಗೆ ಬಂದ ದಿನವೇ ಗೀತಾ ಕೆಂಪನ್ನು ಎತ್ತಿಟ್ಟಳು. ಎಲ್ಲಿಟ್ಟೆ ಎಂದರೆ “ಅಡುಗೆಮನೆಯಲ್ಲೇ ಇದೆ, ಹುಡುಕಿಕೊಳ್ಳಲಿ” ಎನ್ನುತ್ತಾಳೆ. ಲೋಕೇಶನಿಗೆ ಅಡುಗೆಮನೆಯಲ್ಲಿ ನೀರಿನ ಲೋಟ ಎಲ್ಲಿರುತ್ತದೆ ಎಂಬುದೇ ಗೊತ್ತಿಲ್ಲ.

“ಇವನು ಸಾವಿರಾರು ಡಾಲರ್ ಸುರಿದು 707 ಅನ್ನು 800ಕ್ಕೆ ಏರಿಸಿದ. ಗೀತಾ ಯಾವುದೋ ಡಬ್ಬಕ್ಕೆ ಮುಚ್ಚಳ ಹಾಕಿ ಅದನ್ನು 500ಕ್ಕೆ ಇಳಿಸಿದಳು. ಇಷ್ಟು ಅಗ್ಗದ ಟ್ಯೂನಿಂಗ್ ಡೆಟ್ರಾಯಿಟ್‌ನಲ್ಲಿ ಇನ್ನು ಯಾರಿಗೂ ಬರುವುದಿಲ್ಲ,” ಎಂದೆ.

ಎದುರಿಗೆ ವುಡ್‌ವರ್ಡ್ ಅವೆನ್ಯೂ ತುಂಬಿ ನಿಂತಿತ್ತು. ಆಗಸ್ಟ್ ತಿಂಗಳ ಮೂರನೆಯ ಶನಿವಾರ ಈ ರಸ್ತೆಗೆ ಊರಿನ ಹಳೆಯ ಕಾರುಗಳೆಲ್ಲ ಇಳಿಯುತ್ತವೆ. ಇಲ್ಲಿನ ಕನ್ನಡಿಗರಲ್ಲಿ ಬಹಳ ಜನ ಕಾರು ಕಂಪನಿಗಳ ಅನ್ನ ತಿನ್ನುವವರೇ ಆದ್ದರಿಂದ ನಾವೂ ಮಡಚುವ ಕುರ್ಚಿ ಹಿಡಿದು ಹೊರಡುತ್ತೇವೆ. ಈ ರಸ್ತೆಯ ಮೇಲಿನ ಫರ್ನ್‌ಡೇಲ್ ಊರಿನವರು 1995ರಲ್ಲಿ ಮಕ್ಕಳ ಸಾಕರ್ ಮೈದಾನಕ್ಕೆ ಹಣ ಕೂಡಿಸಲೆಂದು ಆರಂಭಿಸಿದ ಮೆರವಣಿಗೆ ಇದು. ಅರವತ್ತರ ದಶಕದಲ್ಲಿ ಇದೇ ರಸ್ತೆಯಲ್ಲಿ ರಾತ್ರಿ ಹೊತ್ತು ಒಂದು ಸಿಗ್ನಲ್‌ನಿಂದ ಮುಂದಿನ ಸಿಗ್ನಲ್‌ವರೆಗೆ ಪಂದ್ಯ ಕಟ್ಟಿ ಓಡಿಸುತ್ತಿದ್ದರು. ಆ ಓಟದ ನೆನಪಿಗೆಂದು ಈಗ ಅವೇ ಕಾರುಗಳು ಅಲ್ಲಾಡದೆ ನಿಂತು ಹೊಗೆ ಬಿಡುತ್ತವೆ. ನಮ್ಮೆದುರಿಗಿದ್ದ ಕಮಾರೊ ಕಾರನ್ನು ಐಸ್‌ಕ್ರೀಮ್ ನೆಕ್ಕುತ್ತಿದ್ದ ಹುಡುಗಿಯೊಬ್ಬಳು ಹಿಂದೆ ಹಾಕಿ ಹೋದಳು. ಅವಳೇನೂ ಅವಸರದಲ್ಲಿರಲಿಲ್ಲ.

“ಈ ಹೊಗೆಯ ಕಾಲ ಮುಗಿಯಿತು,” ಎಂದ ಸುಧೀಂದ್ರ. ಎಲೆಕ್ಟ್ರಿಕ್ ಕಾರು ಕೊಂಡ ಮೇಲೆ ಅವನ ಮುಖದಲ್ಲಿ ದೀಕ್ಷೆ ತೆಗೆದುಕೊಂಡವರ ಶಾಂತಿ ಬಂದಿದೆ. “ಮಕ್ಕಳ ಸೀಟು ಹಾಕುವ ನಾಲ್ಕು ಬಾಗಿಲಿನ ಎಲೆಕ್ಟ್ರಿಕ್ ಕಾರು ಕೂಡ ಇಂದು ಕಾಲು ಮೈಲಿಯನ್ನು ಹತ್ತು ಸೆಕೆಂಡಿನೊಳಗೆ ಮುಗಿಸುತ್ತದೆ. ಅದೂ ಸದ್ದಿಲ್ಲದೆ.”

“ನಿನ್ನದೂ ಮುಗಿಸುತ್ತದೆಯೇ?”

“ನನ್ನದು ಆ ಮಾದರಿಯದಲ್ಲ.”

“ಹಾಗಾದರೆ ಸದ್ದಿಲ್ಲದಿರುವುದು ಮಾತ್ರ ನಿನ್ನ ಪಾಲಿಗೆ ಬಂದದ್ದು. ಅದನ್ನಾದರೂ ನೀನು ಪಾಲಿಸಬಹುದಿತ್ತು.”

ಗೀತಾಳ ಅಪ್ಪ ಗೌಡರು ಇಷ್ಟು ಹೊತ್ತೂ ರಸ್ತೆಯ ಮೇಲಿನ ಟೈರುಗಳನ್ನೇ ನೋಡುತ್ತಿದ್ದರು. ಬಸ್ ಡಿಪೋ ಫೋರ್‌ಮನ್‌ಗಿರಿಯಿಂದ ನಿವೃತ್ತರಾದರೂ ಅವರ ಕಣ್ಣು ಇನ್ನೂ ನಿವೃತ್ತವಾಗಿಲ್ಲ.

“ಅಳಿಯಂದಿರೇ, ಇಂಜಿನ್ನಿನಲ್ಲಿ ಎಷ್ಟು ಬಲವಿದ್ದರೇನು, ಅದು ರಸ್ತೆಗೆ ಇಳಿಯುವುದು ಹಿಂದಿನ ಎರಡು ಟೈರುಗಳು ನೆಲ ಮುಟ್ಟುವ ಅಷ್ಟು ರಬ್ಬರಿನಿಂದ. ನಿಮ್ಮ ಕಾರಿನ ತೂಕ ಎರಡು ಟನ್. ಕಾಲು ಒತ್ತಿದ ಕೂಡಲೇ ಚಕ್ರ ನಿಂತಲ್ಲೇ ಸುತ್ತಿದರೆ ಆ ಎಂಟುನೂರೂ ಹೊಗೆಯಾಗಿ ಹೋಯಿತು. ಮೊದಲ 18 ಮೀಟರಿನಲ್ಲೇ ತೀರ್ಮಾನವಾಗುವ ವಿಷಯ ಇದು. ಮುದ್ದೆ ತಿರುವುವಾಗ ಮೊದಲೇ ಗಂಟು ಕಟ್ಟಿತೆನ್ನಿ, ಆಮೇಲೆ ಕೋಲು ಮುರಿಯುವಂತೆ ತಿರುವಿದರೂ ಗಂಟು ಗಂಟೇ.”

“ನಮ್ಮ ಮನೆಯಲ್ಲಿ ಮುದ್ದೆ ಅಪ್ಪನ ಇಲಾಖೆ,” ಎಂದಳು ಗೀತಾ. “ಇವರು ಬಂದ ಮೇಲೆ ನಾನು ಆ ಕಡೆ ತಲೆ ಹಾಕಿಲ್ಲ.”

“ಅದಕ್ಕೇ ಇಂಥ ಪಂದ್ಯಕ್ಕೆಂದೇ ಮಾಡಿದ ಡ್ರ್ಯಾಗ್ ಟೈರ್ ತರಿಸಿದ್ದೇನೆ ಮಾವ,” ಎಂದ ಲೋಕೇಶ. “ಸ್ವಲ್ಪ ಗಾಳಿ ಇಳಿಸಿ, ಮುಂದಿನ ಬ್ರೇಕ್ ಹಿಡಿದು, ಹಿಂದಿನ ಚಕ್ರ ಸುತ್ತಿಸಿ ಬಿಸಿ ಮಾಡಿದರೆ ರಸ್ತೆಯನ್ನು ಕಚ್ಚಿ ಹಿಡಿಯುತ್ತದೆ.”

“ಟೈರ್ ಕಾದರೆ ಒಳ್ಳೆಯದೇ. ಇಂಜಿನ್ನಿಗೆ ಹೋಗುವ ಗಾಳಿ ಕಾದರೆ? ಇಂಥ ಬಿಸಿಲಿನಲ್ಲಿ ಸೂಪರ್‌ಚಾರ್ಜರ್ ಕಾಯಿತೆಂದರೆ ನಿಮ್ಮ ಕಂಪ್ಯೂಟರೇ ಇಗ್ನಿಷನ್ ಕಿಡಿಯನ್ನು ತಡಮಾಡಿ ಬಲ ಕಿತ್ತುಕೊಳ್ಳುತ್ತದೆ. ನಾವು ಬಸ್ಸಿಗೆ ಸ್ಪೀಡ್ ಗವರ್ನರ್ ಕೂರಿಸುತ್ತಿದ್ದೆವು. ಇಲ್ಲಿ ಅದನ್ನು ಸೂರ್ಯನೇ ಕೂರಿಸುತ್ತಾನೆ.”

“ಅಂದರೆ,” ಎಂದೆ ನಾನು, “ಹತ್ತೂವರೆ ಸೆಕೆಂಡು ಬರಬೇಕಾದರೆ ಗಾಳಿ ತಣ್ಣಗಿರಬೇಕು, ಟೈರ್ ಬೆಚ್ಚಗಿರಬೇಕು, ಟೈರಿನೊಳಗೆ ಗಾಳಿ ಕಡಿಮೆ ಇರಬೇಕು, ಹೆಂಡತಿ ತವರಿಗೆ ಹೋಗಿರಬೇಕು. ಇಷ್ಟೆಲ್ಲ ಮುಹೂರ್ತ ಮದುವೆಗೂ ನೋಡುವುದಿಲ್ಲವಲ್ಲಪ್ಪಾ!”

ಲೋಕೇಶ ಸೋಲುವವನಲ್ಲ. ಮಾತನ್ನು ಇತಿಹಾಸದ ಕಡೆಗೆ ತಿರುಗಿಸಿದ. 1964ರಲ್ಲಿ ಮಧ್ಯಮ ಗಾತ್ರದ ಕಾರಿಗೆ 330 ಘನ ಇಂಚಿಗಿಂತ ದೊಡ್ಡ ಇಂಜಿನ್ ಹಾಕಕೂಡದೆಂದು ಜನರಲ್ ಮೋಟಾರ್ಸ್‌ನಲ್ಲಿ ಕಟ್ಟಪ್ಪಣೆಯಿತ್ತಂತೆ. ಪಾಂಟಿಯಾಕ್ ವಿಭಾಗದ ಜಾನ್ ಡಿಲೋರಿಯನ್ ಮತ್ತು ಜೊತೆಗಾರರು 389 ಘನ ಇಂಚಿನದನ್ನೇ ಇಳಿಸಿದರು. ಇದು ಹೊಸ ಕಾರಲ್ಲ, ಗಿರಾಕಿ ಕೇಳಿದರೆ ಸೇರಿಸಿಕೊಡುವ ಹೆಚ್ಚುವರಿ ಸಾಮಾನು ಎಂದು ಬೆಲೆಪಟ್ಟಿಯಲ್ಲಿ 295 ಡಾಲರ್ ಬರೆದುಬಿಟ್ಟರು. ಅಪ್ಪಣೆ ಇದ್ದದ್ದು ಕಾರಿಗೆ, ಸಾಮಾನಿಗಲ್ಲ. ಜಿಟಿಒ ಎಂಬ ಕಾರು ಹುಟ್ಟಿದ್ದು ಹಾಗೆ. ನಾವು ಕೂತಿದ್ದ ರಾಯಲ್ ಓಕ್‌ನಲ್ಲೇ ಒಬ್ಬ ಡೀಲರ್ ಆ ಕಾರಿಗೆ ತೆಳುವಾದ ಹೆಡ್ ಗ್ಯಾಸ್ಕೆಟ್, ದೊಡ್ಡ ಕಾರ್ಬ್ಯುರೇಟರ್ ಜೆಟ್ ಹಾಕಿ ‘ಬಾಬ್‌ಕ್ಯಾಟ್’ ಎಂದು ಮಾರುತ್ತಿದ್ದ.

“ನೋಡಿದಿರಾ, ನನ್ನ ಪುಲ್ಲಿಗೆ ಅರವತ್ತು ವರ್ಷದ ಪರಂಪರೆ ಇದೆ!”

“ಪರಂಪರೆ ಪುಲ್ಲಿಯದಲ್ಲ, ಅಂಕಿಯದು,” ಎಂದೆ. “1971ರಲ್ಲಿ ಕ್ರೈಸ್ಲರ್‌ನವರು ತಮ್ಮ ಹೆಮಿ ಎಂಬ ಇಂಜಿನ್ನಿಗೆ ಅಶ್ವಶಕ್ತಿಯ ಎರಡು ಲೆಕ್ಕ ಕೊಟ್ಟರು. ಏರ್ ಫಿಲ್ಟರ್, ಸೈಲೆನ್ಸರ್, ಆಲ್ಟರ್ನೇಟರ್ ಏನೂ ಇಲ್ಲದೆ ಬರಿಮೈಯಲ್ಲಿ ಅಳೆಯುವ ಹಳೆಯ ಲೆಕ್ಕದಲ್ಲಿ 425. ಕಾರಿನಲ್ಲಿ ಇರುವಂತೆಯೇ ಅಳೆದರೆ 350. ರಾತ್ರೋರಾತ್ರಿ 75 ಕುದುರೆಗಳು ಕಾಗದದ ಮೇಲೆ ಸತ್ತವು. ಒಂದಕ್ಕೂ ಯಾರೂ ಸೂತಕ ಹಿಡಿಯಲಿಲ್ಲ.”

“ಏನೇ ಹೇಳಿ, ಬೀದಿಯಲ್ಲಿ ಪಂದ್ಯ ಕಟ್ಟುವುದು ಅಪರಾಧ,” ಎಂದ ಸುಧೀಂದ್ರ.

“ಪೊಲೀಸರೇ ಕಟ್ಟುತ್ತಿದ್ದರು ಮಾರಾಯ!” ಲೋಕೇಶ ಕುರ್ಚಿಯಿಂದ ಎದ್ದೇಬಿಟ್ಟ. “1970ರ ಕಪ್ಪು ಚಾಲೆಂಜರ್, ಹೆಮಿ ಇಂಜಿನ್. ಅದರ ಯಜಮಾನ ಗಾಡ್‌ಫ್ರೀ ಕ್ವಾಲ್ಸ್ ಡೆಟ್ರಾಯಿಟ್‌ನಲ್ಲಿ ಪೊಲೀಸ್ ಅಧಿಕಾರಿ. ರಾತ್ರಿ ವುಡ್‌ವರ್ಡ್‌ಗೆ ಬರುವುದು, ಸಿಕ್ಕಿದವರನ್ನು ಸೋಲಿಸುವುದು, ಮಾತಿಗೂ ನಿಲ್ಲದೆ ಮಾಯವಾಗುವುದು. ಕಪ್ಪು ಭೂತ ಎಂದೇ ಆ ಕಾರಿಗೆ ಹೆಸರು ಬಿತ್ತು. ಯಾರದೆಂದು ಜನಕ್ಕೆ ಗೊತ್ತಿರಲಿಲ್ಲ. 2023ರ ಹರಾಜಿನಲ್ಲಿ ಶುಲ್ಕವೆಲ್ಲ ಸೇರಿ ಹತ್ತು ಲಕ್ಷ ಡಾಲರಿಗೂ ಮಿಕ್ಕಿ ಹೋಯಿತು.”

“ಈ ಇಡೀ ಕಥೆಯಲ್ಲಿ ನನಗೆ ಹಿಡಿಸಿದ್ದು ಒಂದೇ,” ಎಂದೆ. “ಆ ಮನುಷ್ಯ ಯಾರಿಗೂ ಸೆಕೆಂಡು ಹೇಳಿಕೊಂಡು ತಿರುಗಲಿಲ್ಲ. ನಿಜವಾಗಿ ಓಡಿಸುವವರಿಗೆ ಕೂತು ಕೋಡುಬಳೆ ತಿನ್ನುವಷ್ಟು ಪುರುಸೊತ್ತಿರುವುದಿಲ್ಲ.”

ಗೌಡರು ಕೆಮ್ಮಿದರು. ಪುಳಿಯೋಗರೆಯ ಮೆಣಸಿನಕಾಯಿ ಇರಬೇಕೆಂದುಕೊಂಡೆ.

“ಪಂದ್ಯ ಕಟ್ಟುವ ಇಬ್ಬರಿಗೂ ಪಂದ್ಯ ಗೊತ್ತಿರುತ್ತದೆ. ಅಡ್ಡರಸ್ತೆಯಿಂದ ಬರುವವನಿಗೆ ಗೊತ್ತಿರುವುದಿಲ್ಲ,” ಎಂದು ನೀರು ಕುಡಿದು ಹೇಳಿದರು. ಡಿಪೋದಲ್ಲಿ ಅಪಘಾತದ ಬಸ್ಸುಗಳನ್ನು ಎಳೆದು ತಂದವರ ಮಾತು. ಯಾರೂ ಎದುರಾಡಲಿಲ್ಲ.

“ನಾನು ಓಡಿಸುವುದಾದರೆ ಟ್ರ್ಯಾಕಿನಲ್ಲೇ ಓಡಿಸುತ್ತೇನೆ,” ಎಂದ ಲೋಕೇಶ ಮೆಲ್ಲಗೆ.

“ಯಾವಾಗ?”

“ಕೀಲಿಕೈ ಸಿಕ್ಕಿದಾಗ.”

ಮಾತು ಸದ್ದಿನ ಕಡೆ ಹೊರಳಿತು. ನನ್ನ ನಿಜವಾದ ತಕರಾರು ಇರುವುದೇ ಅಲ್ಲಿ. ವೇಗವನ್ನು ಇವನು ತೋರಿಸಲಾರ, ಸದ್ದನ್ನು ಮಾತ್ರ ಬೀದಿಗೆಲ್ಲ ಹಂಚುತ್ತಾನೆ. ಬೆಳಗಿನ ಆರಕ್ಕೆ ಇವನು ಕಾರು ಚಾಲೂ ಮಾಡಿದರೆ ಎರಡು ಬೀದಿಯಾಚೆ ಇರುವ ನಮ್ಮ ಮನೆಯಲ್ಲಿ ದೇವರ ಗಂಟೆ ತಾನೇ ಬಾರಿಸುತ್ತದೆ. “ನಮ್ಮ ಕರ್ನಾಟಕದ ಕಡೆ ಪೊಲೀಸರು ಇಂಥ ಸದ್ದು ಮಾಡುವ ಸೈಲೆನ್ಸರುಗಳನ್ನು ಬೈಕಿನಿಂದ ಬಿಚ್ಚಿಸಿ, ಸಾಲಾಗಿ ಮಲಗಿಸಿ, ಮೇಲೆ ರೋಡ್ ರೋಲರ್ ಹತ್ತಿಸುತ್ತಾರೆ. ಆ ವಿಡಿಯೊ ನೋಡಿದಷ್ಟು ಸಮಾಧಾನ ನನಗೆ ಯಾವ ಪ್ರವಚನದಲ್ಲೂ ಸಿಕ್ಕಿಲ್ಲ,” ಎಂದೆ.

“ಅದಕ್ಕೇ ಎಲೆಕ್ಟ್ರಿಕ್ ಕೊಳ್ಳಿ ಎನ್ನುವುದು,” ಎಂದ ಸುಧೀಂದ್ರ.

“ಅದರ ಕಥೆಯೂ ಗೊತ್ತು. ಡಾಡ್ಜ್‌ನವರೇ ಈಗ ಚಾರ್ಜರ್ ಎಂಬ ಎಲೆಕ್ಟ್ರಿಕ್ ಕಾರು ತಂದಿದ್ದಾರೆ. ಸದ್ದಿಲ್ಲದಿದ್ದರೆ ಗಿರಾಕಿ ಮುಟ್ಟುವುದಿಲ್ಲವೆಂದು ಒಳಗೆ ಸ್ಪೀಕರ್ ಇಟ್ಟು 126 ಡೆಸಿಬೆಲ್‌ವರೆಗೆ ಗುಡುಗಿಸುತ್ತಾರಂತೆ. ಇಂಜಿನ್ ಇಲ್ಲ, ಗುಡುಗು ಇದೆ. ಗಣೇಶನ ಪೆಂಡಾಲಿನ ಹುಡುಗರು ಪೇಟೆಂಟ್ ಮಾಡಿಸಿಕೊಳ್ಳದೆ ಕೆಟ್ಟರು.”

ಅಷ್ಟರಲ್ಲಿ ಪಕ್ಕದಲ್ಲಿ ನಿಲ್ಲಿಸಿದ್ದ ಹಳೆಯ ಚಾಲೆಂಜರ್ ಚಾಲೂ ಆಯಿತು. ನಮ್ಮ ಪುಳಿಯೋಗರೆ ಡಬ್ಬದ ಮುಚ್ಚಳ ಕುರ್ಚಿಯ ಮೇಲೆ ಟಿಣಟಿಣ ಎಂದು ನಡುಗತೊಡಗಿತು. ಗೌಡರು ಎದ್ದು ಹೋದರು. ಯಜಮಾನ ಎಂಬತ್ತರ ಹತ್ತಿರದ ಮುದುಕ. ಬೆರಳಿಗೆ ಬಟ್ಟೆ ಸುತ್ತಿ ಬಂಪರಿನ ಮೇಲೆ ಸತ್ತಿದ್ದ ಹುಳುವೊಂದನ್ನು ಒರೆಸುತ್ತಿದ್ದ. ಗೌಡರು ಬಾನೆಟ್ಟಿನ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ ಕೇಳಿ, ಒಂದು ಬೆರಳೆತ್ತಿದರು. ಒಂದು ಪ್ಲಗ್ ಸರಿಯಾಗಿ ಹೊಡೆಯುತ್ತಿಲ್ಲ ಎಂದು ಅರ್ಥ. ಮುದುಕ ನಕ್ಕು ತಲೆಯಾಡಿಸಿದ. ಇಬ್ಬರ ನಡುವೆ ಭಾಷೆ ಬೇಕಾಗಲಿಲ್ಲ. ನನಗೆ ಅರ್ಥವಾಗಬೇಕೆಂದು ನಾನೇ ದುಭಾಷಿಯಾದೆ.

ಹ್ಯಾಮ್‌ಟ್ರ್ಯಾಮಕ್‌ನ ಡಾಡ್ಜ್ ಕಾರ್ಖಾನೆಯಲ್ಲಿ ದುಡಿದವನಂತೆ. ಈ ಕಾರು ಅವನಿದ್ದ ಸಾಲಿನಿಂದಲೇ ಇಳಿದದ್ದು. ಆಗ ಕಾರ್ಖಾನೆಯ ಹುಡುಗ ತನ್ನ ಕೂಲಿಯಲ್ಲಿ ಕಂತು ಕಟ್ಟಿ ಇಂಥದನ್ನು ಕೊಳ್ಳಬಹುದಿತ್ತು. ಕಾರ್ಖಾನೆ 1980ರಲ್ಲಿ ಮುಚ್ಚಿತು, ಆಮೇಲೆ ಕೆಡವಿದರು. ಆ ಜಾಗದಲ್ಲಿ ಎದ್ದ ಜನರಲ್ ಮೋಟಾರ್ಸ್ ಕಾರ್ಖಾನೆಯಲ್ಲಿ ಈಗ ಎಲೆಕ್ಟ್ರಿಕ್ ವಾಹನಗಳನ್ನು ಮಾಡುತ್ತಾರೆ. ಸುಧೀಂದ್ರ ಏನೋ ಹೇಳಲು ಬಾಯಿ ತೆರೆದವನು ಕೋಡುಬಳೆ ತುಂಬಿಕೊಂಡ.

“ನಮ್ಮ ಮೈಸೂರಿನಲ್ಲೂ ಇತ್ತೆಂದು ಹೇಳಿ,” ಎಂದರು ಗೌಡರು. “ಯಾದವಗಿರಿಯಲ್ಲಿ, ಜಾವಾ ಕಾರ್ಖಾನೆ. ನನ್ನದು ಯೆಜ್ಡಿ. ಒಂದೇ ಸಿಲಿಂಡರ್, ಎರಡು ಸೈಲೆನ್ಸರ್. ಕಿಕ್ ಹೊಡೆಯುವ ಲಿವರನ್ನೇ ಮಡಚಿದರೆ ಗೇರು. ನಾನು ಬೀದಿಯ ತಿರುವಿಗೆ ಬಂದರೆ ಸದ್ದು ಕೇಳಿಯೇ ಇವಳ ಅಮ್ಮ ಎಸರಿಡುತ್ತಿದ್ದಳು. 1996ರಲ್ಲಿ ಬಾಗಿಲು ಹಾಕಿತು.”

ಎಸರಿಡುವುದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳುವುದೆಂದು ನಾನು ತಡಕಾಡುವಷ್ಟರಲ್ಲಿ ಮುದುಕನೇ ತನ್ನ ಹೆಂಡತಿಯ ಕುರ್ಚಿ ತೋರಿಸಿದ. ಅದರ ಮೇಲೆ ಒರೆಸುವ ಬಟ್ಟೆಗಳ ಗಂಟು ಇತ್ತು. ಗೌಡರು ಅವನ ಭುಜ ತಟ್ಟಿದರು. ಲೋಕೇಶನ ಸೈಲೆನ್ಸರಿನ ಬಗ್ಗೆ ನಾನು ತಯಾರಿಸಿಟ್ಟಿದ್ದ ಇನ್ನೆರಡು ಮಾತು ಆಡಲು ಯಾಕೋ ಮನಸ್ಸಾಗಲಿಲ್ಲ.

“ಇದರ ಸದ್ದು ತುಂಬಿ ಬರುತ್ತದೆ,” ಎಂದು ಗೌಡರು ಹಿಂತಿರುಗಿ ಕೂತರು. “ನಿಮ್ಮದರಲ್ಲಿ ಹೀಗಿಲ್ಲ ಅಳಿಯಂದಿರೇ. ಕಪ್ಪು ಕೀಲಿಕೈಯಲ್ಲಂತೂ ಎಳೆಯುವಾಗ ನಡುವೆ ಉಸಿರು ಕಟ್ಟುತ್ತದೆ. ಕೆಂಪಿನಲ್ಲಾದರೆ ಕೊನೆಯವರೆಗೂ ಒಂದೇ ಸಮನೆ…”

ಮಾತು ಅಲ್ಲಿಗೇ ನಿಂತಿತು. ಗೀತಾ ಕೈಯಲ್ಲಿದ್ದ ಸೌಟು ಕೆಳಗಿಟ್ಟಳು.

“ಕೆಂಪಿನಲ್ಲಿ ಹೇಗಿರುತ್ತದೆಂದು ನಿಮಗೆ ಹೇಗೆ ಗೊತ್ತು ಮಾವ?”

“ರಾಗಿ ಹಿಟ್ಟಿನ ಡಬ್ಬಕ್ಕೆ ಕೈ ಹಾಕುವವನು ಆ ಮನೆಯಲ್ಲಿ ನಾನೊಬ್ಬನೇ ಅಲ್ಲವೇ?” ಎಂದರು ಗೌಡರು, ಪಂಚೆಯ ಮೇಲಿನ ಅನ್ನದ ಅಗುಳು ಹೆಕ್ಕುತ್ತಾ. “ಬೆಳಿಗ್ಗೆ ಹಾಲು ತರಲು ಹೋಗುವಾಗ, ಹೈವೇ ಹತ್ತುವ ತಿರುವಿನಲ್ಲಿ ಮಾತ್ರ. ವೇಗದ ಮಿತಿ ಒಂದು ದಿನವೂ ದಾಟಿಲ್ಲ. ಸ್ವಲ್ಪ ಬೇಗ ಮುಟ್ಟಿದ್ದೇನೆ, ಅಷ್ಟೇ.”

“ನಾಳೆಯಿಂದ ಮುದ್ದೆ ನಾನೇ ತಿರುವುತ್ತೇನೆ,” ಎಂದಳು ಗೀತಾ.

ಲೋಕೇಶ ನನ್ನ ಕಡೆ ನೋಡಿದ. ಕೀಲಿಕೈ ಎಲ್ಲಿದೆ ಎಂದು ತಿಳಿದ ಗಳಿಗೆಯಲ್ಲೇ ಅದು ಇನ್ನು ಅಲ್ಲಿರುವುದಿಲ್ಲ ಎಂಬುದೂ ಅವನಿಗೆ ತಿಳಿದಿತ್ತು. ಜೊತೆಗೆ ಗಂಟು ಗಂಟು ಮುದ್ದೆ ಬೇರೆ.